ಸಂಘದ ಮನೆಯ ಬೀಗ ಯಾರ ಕೈಲಿದೆ?

1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳ ಹಳ್ಳಿಗಳಿಗೆ ಕೆಲವು ಹೆಣ್ಣುಮಕ್ಕಳು ನಡೆದು ಬಂದರು. ಸಾಲದ ಅರ್ಜಿ ತಂದಿರಲಿಲ್ಲ, ಹೊಲಿಗೆ ಯಂತ್ರ ತಂದಿರಲಿಲ್ಲ, ಸಂತಾನಹರಣ ಆಪರೇಷನ್ನಿಗೆ ಇಷ್ಟು ಜನ ಬೇಕೆಂಬ ಟಾರ್ಗೆಟ್ಟೂ ಅವರಿಗಿರಲಿಲ್ಲ. ಕೂತು ಮಾತಾಡೋಣ ಎಂದರು. ಹಗಲೆಲ್ಲ ಕೂಲಿ ಮಾಡಿ ಬಂದವರಿಗೆ ಬರೀ ಮಾತಿನಿಂದ ಏನಾದೀತೆಂಬ ಅನುಮಾನ ಇದ್ದೇ ಇತ್ತು. ಆದರೂ ರಾತ್ರಿ ಉಂಡಮೇಲೆ ಒಬ್ಬೊಬ್ಬರೇ ಬಂದು ಕೂತರು. ಹೆಚ್ಚಿನವರು ದಲಿತ ಕೇರಿಯವರು, ತುಂಡು ಹೊಲವೂ ಇಲ್ಲದವರು.

ಅದೇ ಮಹಿಳಾ ಸಮಖ್ಯಾ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿ, ಡಚ್ ಸರ್ಕಾರದ ನೆರವಿನಲ್ಲಿ ಮೊದಲು ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಶುರುವಾದದ್ದು. ಹತ್ತು ಹಳ್ಳಿಗೊಬ್ಬ ಸಹಯೋಗಿನಿ, ಊರಿಗೊಂದು ಸಂಘ, ಆಮೇಲೆ ಸಂಘದ ಮನೆ. ಗಂಡನದೂ ಅಲ್ಲದ, ತವರಿನದೂ ಅಲ್ಲದ ಒಂದು ಸೂರು. ಅಲ್ಲಿ ಕೂತು ಅವರು ಕೂಲಿಯ ಲೆಕ್ಕ ಕೇಳುವುದನ್ನು ಕಲಿತರು. ಕೆಟ್ಟ ಬೋರ್‌ವೆಲ್, ಸಾರಾಯಿ ಅಂಗಡಿ, ಎಳೆ ಹುಡುಗಿಯ ಮದುವೆ, ದೇವದಾಸಿ ಬಿಡುವ ಪದ್ಧತಿ, ಎಲ್ಲದರ ಬಗ್ಗೆ ಬಾಯಿ ತೆರೆದರು. ಶಾಲೆ ಬಿಟ್ಟ ಹುಡುಗಿಯರಿಗೆ ಮಹಿಳಾ ಶಿಕ್ಷಣ ಕೇಂದ್ರಗಳು ಬಂದವು. ನಾರಿ ಅದಾಲತ್‌ಗಳಲ್ಲಿ, ಕರಿಕೋಟು ಹಾಕದ ಹೆಂಗಸರು ಗಂಡ, ಅತ್ತೆ, ತವರಿನವರನ್ನೆಲ್ಲ ಎದುರು ಕೂರಿಸಿಕೊಂಡು ಹೊಡೆತದ ಕತೆ ಕೇಳಿದರು, ತೀರ್ಮಾನ ಹೇಳಿದರು.

ಅದೇ ಹೊತ್ತಿಗೆ ದೂರದ ವಿಶ್ವವಿದ್ಯಾಲಯಗಳಲ್ಲಿ ಸಮಾಜವಿಜ್ಞಾನಿಗಳೂ ಸಂಸ್ಥೆ ಎಂದರೇನು ಎಂದು ತಲೆ ಕೆಡಿಸಿಕೊಂಡಿದ್ದರು. ಸಂಸ್ಥೆ ಅಂದರೆ ಕಟ್ಟಡ ಅಲ್ಲ, ಆಟದ ನಿಯಮ ಎಂದರು 1990ರಲ್ಲಿ ಡಗ್ಲಸ್ ನಾರ್ತ್. ಅದೇ ವರ್ಷ ಜೋನ್ ಆಕರ್, ಸಂಸ್ಥೆಗಳು ಯಾರನ್ನು ಬರಿಯ 'ಕೆಲಸಗಾರ' ಎನ್ನುತ್ತವೋ ಅವನು ನಿಜದಲ್ಲಿ ಗಂಡಸು ಎಂದು ತೋರಿಸಿಕೊಟ್ಟರು. ಮುಂದೆ ಫಿಯೋನಾ ಮೆಕೇ, ಲೂಯಿಸ್ ಚಾಪೆಲ್, ಜಾರ್ಜಿನಾ ವೇಲೆನ್ ಮೊದಲಾದವರು ಈ ಎರಡು ಎಳೆಗಳನ್ನು ಹೊಸೆದು ಸ್ತ್ರೀವಾದಿ ಸಂಸ್ಥಾವಾದ ಕಟ್ಟಿದರು. ಅದರ ತಿರುಳು ನಮ್ಮ ಯಾವ ಹಳ್ಳಿಯ ಹೆಂಗಸಿಗೂ ಹೊಸದಲ್ಲ: ಬರೆದ ಕಾನೂನು ಬದಲಾದರೂ ಬರೆಯದ ಕಟ್ಟಳೆ ಅಲ್ಲೇ ಕೂತಿರುತ್ತದೆ. 1983ರ ಕಾಯಿದೆಯಲ್ಲಿ ಕರ್ನಾಟಕ ಪಂಚಾಯತಿಗಳಲ್ಲಿ ಹೆಣ್ಣಿಗೆ ಶೇಕಡಾ 25 ಮೀಸಲಾತಿ ಕೊಟ್ಟಿತು, 1987ರಲ್ಲಿ ಚುನಾವಣೆಯೂ ಆಯಿತು. ಸೀಟು ಬಂತು. ಅಷ್ಟಕ್ಕೇ ಅರಳಿಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲಬೇಕು ಎಂಬುದು ಬದಲಾಗಲಿಲ್ಲ. ಆ ಬರೆಯದ ಕಟ್ಟಳೆಗೆ ಕೈ ಹಾಕಿದ್ದು ಸಂಘ.

ಇನ್ನೊಂದು ಮಾತು ಹೇಳಲೇಬೇಕು, ನಮ್ಮವರೇ ಇದನ್ನು ಮರೆತಿದ್ದಾರೆ. ಕರ್ನಾಟಕದ ಸಮಖ್ಯಾವನ್ನು ಮೊದಲು ಮುನ್ನಡೆಸಿದವರು ಶ್ರೀಲತಾ ಬಾಟ್ಲಿವಾಲಾ. ಆ ಕೆಲಸದ ಅನುಭವದ ಬೆನ್ನಿಗೇ, 1993ರಲ್ಲಿ, ದಕ್ಷಿಣ ಏಷ್ಯಾದ ಮಹಿಳಾ ಸಬಲೀಕರಣ ಕುರಿತ ಅವರ ಬರಹ ಬಂತು. ಜಗತ್ತಿನ ಎಷ್ಟೋ ತರಗತಿಗಳಲ್ಲಿ ಅದನ್ನು ಓದಿಸುತ್ತಾರೆ. ಅಧಿಕಾರವೆಂದರೆ ನೆಲ, ನೀರು, ದುಡ್ಡು, ತಿಳಿವಳಿಕೆಗಳ ಮೇಲಿನ ಹಿಡಿತ, ಜೊತೆಗೆ ಜನರ ನಂಬಿಕೆಗಳ ಮೇಲಿನ ಹಿಡಿತ ಎಂಬ ಆ ಸಿದ್ಧಾಂತದ ಬೇರಿನಲ್ಲಿ ನಮ್ಮ ಕೇರಿಗಳ ಮಣ್ಣಿದೆ. 2007ರಲ್ಲಿ ಅವರೇ ಮತ್ತೆ ಬರೆದರು: ಸಬಲೀಕರಣದಿಂದ ಬಲವನ್ನೇ ಕಿತ್ತುಹಾಕಿದ್ದಾರೆ, ಅದನ್ನು ಕಿರುಸಾಲದ ಮಟ್ಟಕ್ಕೆ ಇಳಿಸಿದ್ದಾರೆ ಎಂದು.

ಆ ಎಚ್ಚರಿಕೆ ನಮ್ಮ ಆಡಳಿತಗಾರರಿಗೆ ಕೇಳಿಸಲಿಲ್ಲ. 2014ರಲ್ಲಿ ಅಹಮದಾಬಾದಿನ ಐಐಎಂ ತಂಡ ರಾಷ್ಟ್ರಮಟ್ಟದಲ್ಲಿ ಪರಿಶೀಲಿಸಿ ಸಮಖ್ಯಾದ ಪರವಾಗಿಯೇ ಬರೆಯಿತು. ಅದೂ ಕೇಳಿಸಲಿಲ್ಲ. 2016ರಲ್ಲಿ ಕೇಂದ್ರ ಹಣ ನಿಲ್ಲಿಸಿತು. ಇದನ್ನು ಗ್ರಾಮೀಣ ಜೀವನೋಪಾಯ ಮಿಷನ್ನಿಗೆ ಸೇರಿಸಿಬಿಡಿ ಎಂದರು. ಹೆಂಗಸರ ಗುಂಪು ತಾನೇ, ಅದೂ ಗುಂಪು, ಇದೂ ಗುಂಪು! ಇಂಥ ಮಾತು ಆಡಬೇಕಾದರೆ ಒಂದು ಸಂಜೆಯೂ ಸಂಘದಲ್ಲಿ ಕೂತಿರಬಾರದು. ಮಿಷನ್ನಿನ ಉಳಿತಾಯದ ಗುಂಪಿಗೆ ಪಾಸ್‌ಬುಕ್ಕೇ ನಡುಮನೆ. ಕಂತು ಕಟ್ಟಲಾಗದ ಗೆಳತಿ ಅಲ್ಲಿ ಎಲ್ಲರಿಗೂ ಹೊರೆ. ಸಂಘದಲ್ಲಿ ಅದೇ ಗೆಳತಿಯ ಕಷ್ಟವೇ ಆ ರಾತ್ರಿಯ ಮಾತು. ಸಾಲ ಬೇಡ ಎಂದು ನಾನು ಹೇಳುತ್ತಿಲ್ಲ, ಬಡವರಿಗೆ ಸಾಲ ಬೇಕು. ಆದರೆ ನ್ಯಾಯ ಕೇಳುವ ಜಾಗವನ್ನು ಕಂತು ಕಟ್ಟುವ ಜಾಗದೊಳಗೆ ತುರುಕಿದರೆ ಉಳಿಯುವುದು ಕಂತು ಒಂದೇ.

ಕೇರಳ ತನ್ನ ದುಡ್ಡಿನಲ್ಲಿ ಸಮಖ್ಯಾವನ್ನು ಉಳಿಸಿಕೊಂಡಿತು. ಹಾಗಾದರೆ ಅದು ಆಗದ ಕೆಲಸವೇನಲ್ಲ.

ನನ್ನ ಹೊಟ್ಟೆ ಉರಿಸುವ ಸಂಗತಿ ಇದು. 2022ರಲ್ಲಿ ಕೇಂದ್ರ ಸರ್ಕಾರ ಮಿಷನ್ ಶಕ್ತಿ ಯೋಜನೆಯೊಳಗೆ ನಾರಿ ಅದಾಲತ್ ಎಂಬ 'ಹೊಸ' ಅಂಗ ಸೇರಿಸಿತು. ಪ್ರಯೋಗಕ್ಕೆ ಆರಿಸಿಕೊಂಡದ್ದು ಅಸ್ಸಾಂ ಮತ್ತು ಜಮ್ಮು-ಕಾಶ್ಮೀರವನ್ನು. ಅಸ್ಸಾಮಿನಲ್ಲೂ ಸಮಖ್ಯಾ ಇತ್ತು! ಕಾಲು ಶತಮಾನ ಹೆಂಗಸರು ಬೆವರು ಸುರಿಸಿ ಬೆಳೆಸಿದ ಮರವನ್ನು ಕಡಿದವರು, ಅದೇ ಹೆಸರಿನ ಸಸಿ ತಂದು ನೆಟ್ಟು ಫೋಟೊ ತೆಗೆಸಿಕೊಂಡರು. ಹೆಸರು ಸುತ್ತೋಲೆಯಲ್ಲಿ ಬರುತ್ತದೆ. ಗಂಡ ಕುಡಿದು ಬಂದು ಕೂಗಾಡುವಾಗ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ಎದ್ದು ನಿಲ್ಲಬೇಕು, ಠಾಣೆಗೆ ಹೋಗುವಾಗ ಯಾರನ್ನು ಜೊತೆಗೆ ಕರೆದೊಯ್ಯಬೇಕು ಎಂಬ ತಿಳಿವಳಿಕೆ ಸುತ್ತೋಲೆಯಲ್ಲಿ ಬರುವುದಿಲ್ಲ. ಅದು ಸಹಯೋಗಿನಿಯರ ಮೈಗೆ ಹತ್ತಿದ ವಿದ್ಯೆ. ಅವರಿಗೆ ಸಿಗುತ್ತಿದ್ದುದು ಗೌರವಧನ ಮಾತ್ರ. ಹಣ ನಿಂತ ದಿನ ಆ ವಿದ್ಯೆಯನ್ನು ಯಾರು ಬರೆದಿಟ್ಟುಕೊಂಡರು? ಯಾವ ಅಧಿಕಾರಿ ಅವರನ್ನು ಕೂರಿಸಿ ಕೇಳಿದ?

ವಿಧಾನಸೌಧಕ್ಕೂ ದಿಲ್ಲಿಗೂ ನನ್ನ ಬೇಡಿಕೆ ನೇರವಾಗಿದೆ. ಸಂಘದ ಮನೆಗಳ ಪಟ್ಟಿ ಕೊಡಿ. ಯಾವುದು ಗೋದಾಮಾಗಿದೆ, ಯಾವುದಕ್ಕೆ ಬೀಗ ಬಿದ್ದಿದೆ, ಯಾವುದರ ಸೂರು ಕುಸಿದಿದೆ, ಊರೂರಿನ ಲೆಕ್ಕ ಕೊಡಿ. ಹೆಬ್ಬೆಟ್ಟಿನ ಗುರುತಿನಿಂದ ಶುರುವಾಗಿ ಅಂಕುಡೊಂಕು ಸಹಿಗೆ ಬಂದು ನಿಂತ ಆ ಸಭೆಗಳ ಪುಸ್ತಕಗಳು ಎಲ್ಲಿವೆ, ಹುಡುಕಿ ತನ್ನಿ. ಆ ಸಹಿ ಹಾಕಿದವರು ಇನ್ನೂ ಬದುಕಿದ್ದಾರೆ. ಬೀಗದ ಕೈ ಅವರಿಗೆ ಕೊಡಿ.