ಪಕ್ಕದ ನಿವೇಶನದ ಗುಂಡಿ

ಮುಂಬಯಿ, ಪುಣೆಗಳ ಹಳೆಯ ಸೊಸೈಟಿಗಳು ಒಂದೊಂದಾಗಿ ಪುನರಭಿವೃದ್ಧಿಗೆ ಸಾಗುತ್ತಿರುವಂತೆ ಅಗೆಯುವ ಯಂತ್ರದ ಸದ್ದು ನಮಗೆಲ್ಲ ಪರಿಚಿತವಾಗಿದೆ. ನಾವು ಎಲ್ಲವನ್ನೂ ‘ಜೆಸಿಬಿ’ ಎಂದೇ ಕರೆಯುತ್ತೇವೆ. ಅದು ಕಂಪೆನಿಯೊಂದರ ಹೆಸರು. ಮುಂದೆ ಮಣ್ಣೆತ್ತುವ ತೊಟ್ಟಿ, ಹಿಂದೆ ತೋಳು ಇರುವ ಗಾಲಿಯಂತ್ರ ಚರಂಡಿ, ಪೈಪುಗಳಂಥ ಸಣ್ಣ ಅಗೆತಕ್ಕೆ ಸಾಕು. ನೆಲಮಾಳಿಗೆಯ ಆಳಕ್ಕೆ ಬೇಕಾದುದು ಉಕ್ಕಿನ ಪಟ್ಟಿಗಳ ಮೇಲೆ ಚಲಿಸಿ ಸುತ್ತಲೂ ತಿರುಗಬಲ್ಲ ಪೊಕ್ಲೇನ್. ಅದೂ ಫ್ರಾನ್ಸಿನ ಕಂಪೆನಿಯ ಹೆಸರೇ! ಇಂಥ ಯಂತ್ರಗಳು ನಮ್ಮ ಕೆಜಿಎಫ್, ಧಾರವಾಡಗಳಲ್ಲಿಯೂ ತಯಾರಾಗುತ್ತವೆಂಬುದು ಅಭಿಮಾನದ ಸಂಗತಿ.

ಆದರೆ ಯಂತ್ರಕ್ಕಿಂತ ಅದು ತೋಡಿದ ಗುಂಡಿಯೇ ಹೆಚ್ಚು ಭಯಾನಕ. 2019ರ ಜೂನ್ 29ರ ನಸುಕಿಗೆ ಮುನ್ನ, ಮಳೆಯಲ್ಲಿ, ಪುಣೆಯ ಕೊಂಢ್ವಾದಲ್ಲಿ ವಸತಿ ಸಂಕೀರ್ಣವೊಂದರ ಆವರಣಗೋಡೆ ಪಕ್ಕದ ನಿರ್ಮಾಣ ನಿವೇಶನದ ಕಾರ್ಮಿಕರ ಗುಡಿಸಲುಗಳ ಮೇಲೆ ಕುಸಿದು, ಮಕ್ಕಳೂ ಸೇರಿದಂತೆ 15 ಮಂದಿ ಅಸುನೀಗಿದರು. 1.5 ಮೀಟರಿಗಿಂತ ಆಳವಾದ ಕಂದಕದ ಬದಿಗಳಿಗೆ ಆಧಾರ ಕೊಡಬೇಕೆಂದು ಭಾರತೀಯ ಮಾನಕವೇ ವಿಧಿಸುತ್ತದೆ. ತೆಗೆದ ಮಣ್ಣಾಗಲಿ ಯಂತ್ರವಾಗಲಿ ಅಂಚಿನಲ್ಲಿ ಭಾರ ಹೇರಬಾರದು. ತೋಳು ತಿರುಗುವ ವ್ಯಾಪ್ತಿಯಲ್ಲಿ ಯಾರೂ ಸುಳಿಯಬಾರದು. ನೆಲದಡಿಯ ಅನಿಲ ಕೊಳವೆ, ವಿದ್ಯುತ್ ಕೇಬಲ್‌ಗಳ ಜಾಡನ್ನು ಅಗೆಯುವ ಮೊದಲೇ ಅರಿತಿರಬೇಕು.

ನಮ್ಮ ಸಭೆಗಳಲ್ಲಿ ಚರ್ಚೆಯಾಗುವುದು ಹೆಚ್ಚುವರಿ ಚದರಡಿ, ಕಾರ್ಪಸ್ ನಿಧಿ, ಬಾಡಿಗೆ. ಸಾಲಪತ್ರಗಳನ್ನು ಸಾಲುಸಾಲಾಗಿ ಓದುವ ನಮ್ಮಂಥ ಬ್ಯಾಂಕಿನವರೂ ಮಣ್ಣಿನ ಪರೀಕ್ಷೆಯ ವರದಿಯನ್ನು ಕೇಳುವುದಿಲ್ಲ. ಮಳೆಗಾಲಕ್ಕೆ ಮುನ್ನ, ಗುಂಡಿಯ ಬದಿಗೆ ಕೊಟ್ಟ ಆಧಾರದ ನಕ್ಷೆಯನ್ನು ಇಂಜಿನಿಯರರ ಸಹಿಯೊಂದಿಗೆ ಪಡೆಯುವ ಹಕ್ಕು ಪಕ್ಕದ ಸೊಸೈಟಿಗೂ ಇರಬೇಕೆಂಬುದು ನಮ್ಮ ಅಭಿಪ್ರಾಯ.