ಡಿಂಗನನ್ನು ತೂಕಕ್ಕೆ ಹಾಕಿದವರು

"ಮಕ್ಕಳು ಕನ್ನಡ ಓದುತ್ತಿಲ್ಲ" ಎಂದು ವಿಚಾರ ಸಂಕಿರಣಗಳಲ್ಲಿ ಮರುಗುವ ಮೇಷ್ಟ್ರುಗಳಿಗೆ ಒಂದು ಪ್ರಶ್ನೆ: ನಾವು ಓದುತ್ತಿದ್ದುದನ್ನು ನೀವೇನು ಮಾಡಿದಿರಿ?

ಗವಿಪುರದ ಮನೆಯಲ್ಲಿ ಯಾರ ಒತ್ತಾಯವೂ ಇಲ್ಲದೆ ನಾನು ಓದಿದ ಮೊದಲ ಕನ್ನಡ 'ಬಾಲಮಂಗಳ'ದ್ದು. ಅನ್ಯಗ್ರಹದವರು ಹೊತ್ತೊಯ್ದು ಶಕ್ತಿ ತುಂಬಿದ ಇಲಿ, ಡಿಂಗ, ನನ್ನ ಮೊದಲ ವೈಜ್ಞಾನಿಕ ಕಥಾನಾಯಕ. ನನ್ನ ಹಿಂದಿನ ತಲೆಮಾರಿಗೆ ಫ್ಯಾಂಟಮ್, ಮಾಂಡ್ರೇಕರ ಇಂದ್ರಜಾಲ ಕಾಮಿಕ್ಸ್ ಇತ್ತು. 1964ರಲ್ಲಿ ಶುರುವಾದ ಆ ಮಾಲೆ ಕನ್ನಡದಲ್ಲೂ ಬಂತು, 1990ರಲ್ಲಿ ನಿಂತಿತು.

"ಅವೆಲ್ಲ ಅನುವಾದ, ಅಗ್ಗದ ಸರಕು" ಎನ್ನುತ್ತೀರಿ. ಅನುವಾದ ಅಷ್ಟು ಕೀಳಾದರೆ ನವೋದಯದ ಪಾಠವನ್ನು ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಪುಸ್ತಕದಿಂದ ಶುರುಮಾಡುವುದೇಕೆ?

ಆಫ್ರಿಕಾದ ಕಾಡನ್ನು ಬಿಳಿಯನೊಬ್ಬ ಕಾಯಬೇಕೆನ್ನುವ ಫ್ಯಾಂಟಮ್ ಕಥೆಯ ವಸಾಹತುಶಾಹಿ ಧೋರಣೆ ನನಗೂ ಒಪ್ಪಿಗೆಯಿಲ್ಲ. ಆದರೆ ಬೈಯುವುದಕ್ಕಾದರೂ ಪ್ರತಿ ಬೇಕಲ್ಲ! ಸಂಶೋಧನೆಗೆಂದು ಹುಡುಕಿಕೊಂಡು ಹೋದರೆ ಒಂದು ಗ್ರಂಥಾಲಯದಲ್ಲಿ "ಅದನ್ನೆಲ್ಲ ಯಾವತ್ತೋ ತೂಕಕ್ಕೆ ಹಾಕಿದ್ವಿ" ಎಂದರು. ಪುಟ್ಟ ಬಲೂನಿನೊಳಗೆ ಕನ್ನಡದ ಮಾತು ಹಿಡಿಸಿದವರು ಯಾರೆಂದು ಈಗ ಯಾರನ್ನು ಕೇಳಲಿ?

ಮಕ್ಕಳ ಓದಿನ ಬಗ್ಗೆ ಇನ್ನೊಂದು ಸಂಕಿರಣ ಬೇಡ. ಕನ್ನಡ ವಿಭಾಗಗಳು ಮೊದಲು ಈ ಪುಸ್ತಕಗಳದೊಂದು ಪಟ್ಟಿ ಮಾಡಲಿ. ನಿಮ್ಮ ಅಟ್ಟದಲ್ಲಿದ್ದರೆ ರದ್ದಿಯವನನ್ನು ಕರೆಯಬೇಡಿ, ನಮ್ಮಂಥವರನ್ನು ಕರೆಯಿರಿ.