ಚಿತ್ರದ ಕೆಳಗಣ ಮಾತು

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ಬಸ್ಸಿನಲ್ಲಿ, ಕ್ಯಾಮೆರಾ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಂದಿನ ಆಸನದಲ್ಲಿ ಕುಳಿತಿದ್ದ ತರುಣರಿಬ್ಬರು ಆಡಿದ ಮಾತಿನ ಒಂದು ತುಣುಕು ಈ ವಾರವೆಲ್ಲ ನನ್ನನ್ನು ಬಿಡದೆ ಕಾಡುತ್ತಿದೆ. “ಫೋಟೋ ಚಲೋ ಇದ್ರ ಅದಕ್ಕ ಕತಿ ಯಾಕಬೇಕಲೇ?” ಎಂದು ಒಬ್ಬನು ಕೇಳಿದನು. “ಸವಣೂರಿನ ದೊಡ್ಡ ಹುಣಸಿಮರದ ಫೋಟೋ ತೋರಿಸಿದ್ನೆಲ್ಲ, ಅದು ಬಿದ್ದು ಎದ್ದ ಮರ ಅಂತ ನಾ ಹೇಳದ ನಿನಗ ತಿಳೀತೇನು?” ಎಂದು ಇನ್ನೊಬ್ಬನು ಉತ್ತರವಿತ್ತನು. ಸವಣೂರಿನ ಕಲ್ಮಠದಲ್ಲಿ ಅಂಥ ದೊಡ್ಡ ಹುಣಸೆಮರಗಳು ಮೂರಿವೆ. ಅವುಗಳಲ್ಲೊಂದು 2023ರ ಜುಲೈ ತಿಂಗಳ ಮಳೆಗೆ ಬುಡಮೇಲಾಗಿ, ಬಳಿಕ ಯಂತ್ರಗಳ ನೆರವಿನಿಂದ ಎತ್ತಿ ನೆಡಲ್ಪಟ್ಟುದನ್ನು ನಮ್ಮ ಸೀಮೆಯವರು ಮರೆತಿರಲಾರರು. ಆದರೆ ನೆಟ್ಟಗೆ ನಿಂತ ಬೊಡ್ಡೆಯ ಚಿತ್ರವನ್ನಷ್ಟೇ ನೋಡಿದ ಪರಸ್ಥಳದವನಿಗೆ ಅದರ ಪತನವಾಗಲಿ ಪುನರುತ್ಥಾನವಾಗಲಿ ಗೋಚರಿಸುವ ಉಪಾಯವೇ ಇಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೆಯೂ, ಹವ್ಯಾಸಿ ಛಾಯಾಗ್ರಾಹಕರು ತಮ್ಮ ಚಿತ್ರಗಳ ಕೆಳಗೆ ಬರೆಯುವ ಬರಹಗಳನ್ನು ಕಂಡಾಗ ನನಗುಂಟಾಗುವ ಜುಗುಪ್ಸೆಯನ್ನು ಮುಚ್ಚಿಡಲಾರೆನು. ಹಾನಗಲ್ಲಿನ ಆನೆಕೆರೆಯ ಮೇಲಣ ಸೂರ್ಯಾಸ್ತವೆಂದರೆ ಅದರಡಿಯಲ್ಲಿ ಏಕಾಂತ, ಅನಂತ, ಅಂತರಂಗ ಎಂಬ ಮೂರು ಶಬ್ದಗಳಾದರೂ ಇರಲೇಬೇಕು. ಬಂಕಾಪುರದ ಕೋಟೆಯ ನವಿಲೆಂದರೆ, ಅದು ಯಾವ ತಿಂಗಳಿನಲ್ಲಿ, ಕೋಟೆಯ ಯಾವ ಮಗ್ಗುಲಲ್ಲಿ, ಏನನ್ನು ಮೇಯುತ್ತಿತ್ತೆಂಬುದನ್ನು ಬಿಟ್ಟು ಛಾಯಾಗ್ರಾಹಕನ ಹೃದಯದಲ್ಲಿ ಯಾವ ಗರಿ ಬಿಚ್ಚಿತೆಂಬುದರ ವರ್ಣನೆ. ಇದಕ್ಕಿಂತ ದೊಡ್ಡ ಅಪರಾಧವನ್ನು ಮಾಡುವವರೂ ಇದ್ದಾರೆ. ಶಾಸನದ ಅಕ್ಷರಗಳು ಚಿತ್ರದಲ್ಲಿ ಎದ್ದು ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುವ ಪುಣ್ಯಾತ್ಮರು ಸೂರ್ಯನು ಓರೆಯಾಗಿ ಬೀಳುವ ಹೊತ್ತಿನವರೆಗೆ ಕಾದರೆ ಸಾಕು. ಪ್ರತಿಯೊಂದು ಅಕ್ಷರವೂ ತನ್ನ ನೆರಳಿನಿಂದಲೇ ಎದ್ದುಬರುವುದು. ಹಾಗೆ ಕಾಯುವ ವ್ಯವಧಾನವಿಲ್ಲದವರು ತಮ್ಮ ಬರಹದಲ್ಲಿ ತಾಳ್ಮೆಯ ಮಹಿಮೆಯನ್ನು ಕೊಂಡಾಡುವುದನ್ನು ಓದಿದ್ದೇನೆ.

ಶಾಸನದ ಮಾತು ಬಂದಿತಾದುದರಿಂದ, ವೀರಗಲ್ಲಿನ ಹತ್ತಿರ ಹೋಗದೆ ಮುಂದುವರಿಯುವುದು ನನ್ನಿಂದಾಗದು. ಚಿತ್ರವನ್ನೂ ಅದರ ಹಿಂದಿನ ಕಥೆಯನ್ನೂ ಒಂದೇ ಕಲ್ಲಿನಲ್ಲಿ ಕೂಡಿಸುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನೊಯ್ಯುವ ನೋಟ, ಮೇಲಣದರಲ್ಲಿ ಶಿವಸಾನ್ನಿಧ್ಯ, ತುದಿಯಲ್ಲಿ ಸೂರ್ಯಚಂದ್ರರು. ಈ ಪಟ್ಟಿಕೆಗಳ ನಡುವಣ ಕಿರಿದಾದ ಅಂಚುಗಳಲ್ಲಿ ಬರಹ. ಶಿಲ್ಪ ಮಾತ್ರವೇ ಉಳಿದು ಬರಹ ಸವೆದುಹೋದ ಕಲ್ಲುಗಳು ನಮ್ಮ ಸೀಮೆಯ ಕೆರೆಯ ಏರಿಗಳ ಮೇಲೆಯೂ ಗುಡಿಯ ಪೌಳಿಗಳಲ್ಲಿಯೂ ಬೇಕಾದಷ್ಟಿವೆ. ಅವುಗಳಲ್ಲಿ ಕತ್ತಿ ಹಿಡಿದವನು ಯಾವನೋ ಒಬ್ಬ ವೀರನು, ಅಷ್ಟೆ. ಅದೇ, ಹೊಯ್ಸಳ ಇಮ್ಮಡಿ ಬಲ್ಲಾಳನು 1196ರಲ್ಲಿ ಹಾನಗಲ್ಲನ್ನು ಮುತ್ತಿದ ಸಂಗತಿಯನ್ನು ತಿಳಿಸುವ ಅಲ್ಲಿನ ವೀರಗಲ್ಲಿನಿಂದ, ಕದಂಬ ಕಾಮದೇವನ ಪಕ್ಷದಲ್ಲಿ ಕಾದಿದ ಸೋಹಣಿಯೆಂಬ ದಂಡನಾಯಕನು ಮುತ್ತಿಗೆಯನ್ನು ಹಿಮ್ಮೆಟ್ಟಿಸುವ ಹೋರಾಟದಲ್ಲಿ ಮಡಿದನೆಂಬುದು ನಮಗೆ ಗೊತ್ತಾಗಿದೆ. ಮುತ್ತಿಗೆ ಹಾಕಿದವನಾರು, ತಡೆದವನಾರು, ಯಾವ ವರ್ಷ, ಯಾರ ಆಳ್ವಿಕೆ ಎಂಬಿಷ್ಟೇ ಸಂಗತಿಗಳು ಎಂಟು ಶತಮಾನಗಳನ್ನು ದಾಟಿ ಬಂದಿವೆ. ಉಳಿಯನ್ನು ಹಿಡಿದ ರೂವಾರಿಯು ಅಲ್ಲಲ್ಲಿ ತನ್ನ ಹೆಸರನ್ನು ಮೂಲೆಯಲ್ಲಿ ಕೊರೆದುಕೊಂಡಿರುವುದುಂಟು. ಆ ಕುದುರೆಯ ಕಾಲನ್ನು ಕಡೆಯುವಾಗ ತನ್ನ ಮನಸ್ಸಿನಲ್ಲಿ ಯಾವ ಭಾವ ಹೊಮ್ಮಿತೆಂದು ಅವನು ಬರೆದುದನ್ನು ನಾನೆಲ್ಲಿಯೂ ಕಂಡಿಲ್ಲ.

ಹೀಗೆ ರೂವಾರಿಯ ಮೌನವನ್ನು ಮುಂದಿಟ್ಟುಕೊಂಡು ಇಂದಿನವರನ್ನು ದಂಡಿಸಿ ಲೇಖನವನ್ನು ಮುಗಿಸಬೇಕೆಂದಿದ್ದೆನು. ಅಷ್ಟರಲ್ಲಿ ಡಾಕ್ಟರ್ ಪಿಗೂ ನೆನಪಾಗಿ ಅಡ್ಡ ಬಂದನು. 1855ರಲ್ಲಿ ಮುಂಬಯಿ ಸರಕಾರವು ಫಿರಂಗಿ ದಳದ ಕ್ಯಾಪ್ಟನ್ ಬಿಗ್ಸ್ ಎಂಬವನನ್ನು ಬಿಜಾಪುರ ಮೊದಲಾದ ಕಡೆಯ ಪ್ರಾಚೀನ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆಯಲು ನೇಮಿಸಿ, ವರ್ಷ ಮುಗಿಯುವುದರೊಳಗೆ ಅವನನ್ನು ಸೈನ್ಯಕ್ಕೆ ಮರಳಿ ಕರೆದುಕೊಂಡಾಗ, ಆ ಕೆಲಸವನ್ನು ಮುಂದುವರಿಸಿದವನು ವೃತ್ತಿಯಿಂದ ವೈದ್ಯನಾದ ಈ ಪಿಗೂ. ಕಾಗದದ ನೆಗೆಟಿವ್‌ಗಳ ಕಾಲವದು. ಕಂಬದ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬಿಸಿಲನ್ನುಣಿಸಬೇಕಾಗಿತ್ತು. ಇವರಿಬ್ಬರೂ ನೀಲ್ ಎಂಬ ಮೂರನೆಯವನೂ ತೆಗೆದ ಚಿತ್ರಗಳು ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವೆಂಬ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ಅದಕ್ಕೆ ಆಶ್ರಯದಾತನು ಮುಂಬಯಿಯ ಹತ್ತಿಯ ವ್ಯಾಪಾರದಲ್ಲಿ ಕುಬೇರನಾಗಿ ಬಳಿಕ ದಿವಾಳಿಯಾದ ಪ್ರೇಮಚಂದ ರಾಯಚಂದ. ಧಾರವಾಡ ಜಿಲ್ಲೆಯ ಎರೆಹೊಲಗಳ ಅರಳೆಗೂ ಈ ಪುಸ್ತಕಕ್ಕೂ ಹೀಗೊಂದು ನಂಟನ್ನು ಕಲ್ಪಿಸಿಕೊಳ್ಳಬಹುದು. ಆದರೆ ಗ್ರಂಥವು ಅಚ್ಚಾಗುವಾಗ ಪಿಗೂ ಬದುಕಿರಲಿಲ್ಲ. ಚರಿತ್ರೆಯನ್ನು ಮೆಡೋಸ್ ಟೇಲರನು ಬರೆದನು, ವಾಸ್ತುವಿನ ಟಿಪ್ಪಣಿಯನ್ನು ಫರ್ಗ್ಯುಸನ್ನನು ಬರೆದನು. ಕದಂಬರೂ ಚಾಲುಕ್ಯರೂ ಅಲ್ಲಿದ್ದಾರೆ, ಶಿಖರಗಳ ತಾರತಮ್ಯವೂ ಇದೆ. ಆ ಬಿಸಿಲಿನಲ್ಲಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನಿಂತವನ ಮಾತಿಗೆ ಮಾತ್ರ ಎಡೆಯಿಲ್ಲ.

ಪಿಗೂ ಬರೆದ ಒಂದೇ ಒಂದು ಪುಟಕ್ಕಾಗಿ ನಾನೀಗ ಫರ್ಗ್ಯುಸನ್ನನ ಟಿಪ್ಪಣಿಗಳನ್ನೆಲ್ಲ ಕೊಟ್ಟುಬಿಡಬಲ್ಲೆನು. ಗುಡಿಯ ಅಂಗಳವನ್ನು ಅಂದು ಗುಡಿಸಿದವರಾರು, ಒಳಗೆ ಪೂಜೆ ನಡೆಯುತ್ತಿತ್ತೇ ದನಗಳಿದ್ದುವೇ, ರಾಸಾಯನಿಕಗಳನ್ನು ತೊಳೆಯಲು ನೀರು ಯಾವ ಬಾವಿಯದು, ಅದನ್ನು ಸೇದಲು ಅವನ ಆಳಿಗೆ ಒಪ್ಪಿಗೆಯಿತ್ತೇ, ಅಂದಿನ ಚಿತ್ರಗಾರರ ವಾಡಿಕೆಯಂತೆ ಕಂಬದ ಅಳತೆಗೆಂದು ಬದಿಯಲ್ಲಿ ನಿಲ್ಲಿಸಿದ ಮನುಷ್ಯನ ಹೆಸರೇನು? ಇವುಗಳಲ್ಲೊಂದೂ ಟೇಲರನಿಗೆ ತಿಳಿದಿರುವ ಸಂಭವವಿಲ್ಲ. ಹಾಗಾದರೆ ಚಿತ್ರಕ್ಕೆ ಮಾತು ಬೇಕೇ ಬೇಡವೇ ಎಂಬ ಬಸ್ಸಿನ ತರುಣರ ವಾದವೂ, ಛಾಯಾಗ್ರಾಹಕನು ಬಾಯಿ ತೆರೆಯಬಾರದೆಂಬ ನನ್ನ ಹಟವೂ ವಿಷಯದ ಅಂಚಿನಲ್ಲಿಯೇ ಸುಳಿದಾಡುತ್ತಿದ್ದುವು. ಅವನೊಬ್ಬನೇ ಸಾಕ್ಷಿ, ಅವನು ಯಾವುದಕ್ಕೆ ಸಾಕ್ಷಿ ನುಡಿಯುತ್ತಾನೆಂಬುದು ಪ್ರಶ್ನೆ. ಹೊನ್ನಾವರದ ಕೃಷ್ಣಾನಂದ ಕಾಮತರು, ವಿಜ್ಞಾನವನ್ನು ಕಲಿತು ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ಅಲೆದವರು, ಈ ಸಾಕ್ಷ್ಯದ ಮರ್ಮವನ್ನರಿತಿದ್ದರು. ಅವರ ಪ್ರವಾಸ ಬರಹಗಳಲ್ಲಿ ಚಿತ್ರ ತೆಗೆದವನೂ ಇದ್ದಾನೆ. ಆದರೆ ಎದುರಿಗಿದ್ದವರನ್ನು ಮರೆಮಾಡಿಕೊಂಡು ನಿಂತಿಲ್ಲ.

ದೀಪಾವಳಿಯ ತರುವಾಯ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿಯ ಹಳ್ಳಿಗಳಲ್ಲಿ ನಡೆಯುವ ಹೋರಿ ಹಬ್ಬಕ್ಕೆ ಕ್ಯಾಮೆರಾ ಹಿಡಿದವರು ಗುಂಪುಗುಂಪಾಗಿ ಬರುತ್ತಾರೆ. ಕೊರಳಿನ ಕೊಬ್ಬರಿ ಹಾರ, ಕೊಂಬಿನ ಬಲೂನು, ಧೂಳು, ಮುನ್ನುಗ್ಗುವ ಹೋರಿ: ಚಿತ್ರಕ್ಕೆ ಇನ್ನೇನು ಬೇಕು? ಕೆಳಗಣ ಬರಹದಲ್ಲಿ ಮಾತ್ರ ತಾನು ಅಖಾಡದ ಅಂಚಿನಲ್ಲಿ ಎಷ್ಟು ಅಪಾಯದಲ್ಲಿದ್ದೆನೆಂಬ ಪರಾಕ್ರಮವರ್ಣನೆ. ಆ ಹೋರಿಗೆ ಊರೂರಿನ ಮಕ್ಕಳೂ ಬಲ್ಲ ಹೆಸರಿದೆ, ಸಾಕಿದ ಮನೆಯಿದೆ, ಕೊಬ್ಬರಿ ಹರಿಯಲು ಕೈಚಾಚಿ ಬಿದ್ದ ಹುಡುಗನಿಗೊಂದು ಊರಿದೆ. ತುರುಗಾಳಗದಲ್ಲಿ ಮಡಿದವರ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದ ಸೀಮೆಯಲ್ಲಿ ಇದನ್ನು ಬರೆಯದಿರುವುದು ವಿಚಿತ್ರ.

ಹೋರಿಯ ಹೆಸರನ್ನು ಬರೆಯಬೇಕೆಂಬ ಮಾತನ್ನಷ್ಟೇ ನಾನು ಬಸ್ಸು ಇಳಿಯುವ ಮುನ್ನ ಆ ತರುಣರಿಗೆ ಹೇಳಿದ್ದೆನು. ಮರದ ಚಿತ್ರ ತೆಗೆದವನು ವಿನಯದಿಂದಲೇ ಕೇಳಿ, “ಹೆಸರು ಕೇಳಾಕ ಕ್ಯಾಮೆರಾ ಕೆಳಗ ಇಳಸಬೇಕಲ್ರೀ ಯಜಮಾನರ, ಅಷ್ಟರಾಗ ಮುಂದಿನ ಹೋರಿ ಬಿಟ್ಟಿರ್ತಾರ” ಎಂದನು. ಇದು ನಿಜವಾದ ತೊಡಕು. ವೀರಗಲ್ಲನ್ನು ನಿಲ್ಲಿಸಿದವರು ಸತ್ತವನ ಬಂಧುಗಳೋ ಒಡೆಯರೋ ಆಗಿದ್ದುದರಿಂದ ರೂವಾರಿಗೆ ಹೆಸರನ್ನು ಹುಡುಕಿಕೊಂಡು ಹೋಗುವ ಕೆಲಸವಿರಲಿಲ್ಲ.